ಬೆಂಚಿನ ಬಣ್ಣ

ಡ್ರಾಯಿಂಗ್ ಮೇಷ್ಟ್ರಿಗೆ ಮೂವತ್ತೊಂದು ವರ್ಷಗಳಿಂದ ಒಂದೇ ಹೆದರಿಕೆ. ತನಗೆ ಕೆಂಪು, ಹಸಿರು ಗೊತ್ತಾಗುವುದಿಲ್ಲ ಎಂಬುದು ಯಾರಿಗಾದರೂ ಗೊತ್ತಾಗಿಬಿಟ್ಟರೆ? ಹಾಗೆಂದು ಅವರ ಕಣ್ಣು ಮಂಜಾಗಿರಲಿಲ್ಲ. ಮನೆಯಲ್ಲಿ ಸೂಜಿಗೆ ದಾರ ಪೋಣಿಸುವ ಕೆಲಸ ಈಗಲೂ ಅವರದೇ. ಆದರೆ ಹಸಿರು, ಕಂದು, ಕೆಂಪು ಮೂರೂ ಅವರ ಕಣ್ಣಿಗೆ ಒಂದೇ ತಾಯಿಯ ಮಕ್ಕಳು. ಟೊಮೇಟೊ ಹಣ್ಣೋ ಕಾಯಿಯೋ ಎಂಬುದನ್ನು ಒತ್ತಿ ನೋಡಿಯೇ ಹೇಳಬೇಕು. ಬಡಗಿಯಾಗಿದ್ದರೆ ಬದುಕು ಸಲೀಸಾಗಿ ನಡೆಯುತ್ತಿತ್ತು, ಬಸ್ ಕಂಡಕ್ಟರ್ ಆಗಿದ್ದರೂ ನಡೆಯುತ್ತಿತ್ತು. ಹೋಗಿ ಹೋಗಿ ಪ್ರೈಮರಿ ಶಾಲೆಯ ಡ್ರಾಯಿಂಗ್ ಮೇಷ್ಟ್ರಾಗಿದ್ದರು.

ಇಂಥ ಕಣ್ಣು ಅವರ ಸೋದರಮಾವನಿಗೂ ಇತ್ತು. ಮಾವ ರೈಲಿನ ಡ್ರೈವರ್ ಆಗಬೇಕೆಂದು ಹೋದಾಗ ಡಾಕ್ಟರು ಚುಕ್ಕೆಗಳ ಪುಸ್ತಕ ತೆಗೆದು, ಯಾವ ನಂಬರ್ ಕಾಣುತ್ತೆ ಎಂದು ಕೇಳಿದರಂತೆ. ನಂಬರ್ ಎಲ್ಲಿದೆ ಸ್ವಾಮಿ ಎಂದು ಮಾವ ತಿರುಗಿ ಕೇಳಿದನಂತೆ. ಅಲ್ಲಿಗೆ ರೈಲು ಹೋಯಿತು. ಮಾವ ಬದುಕಿನುದ್ದಕ್ಕೂ ಪಾರ್ಸೆಲ್ ಆಫೀಸಿನಲ್ಲಿ ಮೂಟೆ ತೂಗಿದ. ಮೇಷ್ಟ್ರು ಒಂಬತ್ತು ವರ್ಷದವರಿದ್ದಾಗ ಮರಕ್ಕೆ ಕೆಂಪು ಎಲೆ ಬಳಿದು ಶಾಲೆಯಲ್ಲಿ ಏಟು ತಿಂದು ಬಂದರು. ಮಾವನಿಗೆ ವಿಷಯ ಹೊಳೆಯಿತು. ಹುಡುಗನನ್ನು ಮೂಲೆಗೆ ಕರೆದುಕೊಂಡು ಹೋಗಿ ಅವನು ಹೇಳಿದ್ದು ಇಷ್ಟು: "ಬಣ್ಣ ನೋಡಬೇಡ, ಡಬ್ಬಿ ಮೇಲೆ ಬರೆದಿರೋ ಹೆಸರು ಓದು. ಯಾರಿಗೂ ಬಾಯಿ ಬಿಡಬೇಡ. ಬಿಟ್ಟ ದಿನ ನಿನ್ನ ಅನ್ನಕ್ಕೆ ಕಲ್ಲು."

ಹುಡುಗ ಆ ಮಾತನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ. ಅವನ ಕೈಯಲ್ಲಿ ರೇಖೆ ಇತ್ತು. ಪೆನ್ಸಿಲ್ ಹಿಡಿದರೆ ಕೊಡಕ್ಕೆ ನೀರಿನ ಭಾರ ಬರುತ್ತಿತ್ತು, ಮುದುಕಿಯ ಕೈಗೆ ಚಳಿ ಬರುತ್ತಿತ್ತು. ಕೆಲಸಕ್ಕೆ ಪರೀಕ್ಷೆ ಕೊಟ್ಟಿದ್ದೂ ಪೆನ್ಸಿಲ್ಲಿನಲ್ಲೇ. ಆಮೇಲಿನದನ್ನೆಲ್ಲ ಬಣ್ಣದ ಬಾಟಲಿಯ ಚೀಟಿಗಳು ನೋಡಿಕೊಂಡವು. ಚೀಟಿ ಇಲ್ಲದ ಕಡೆ ಅವರು ಮಕ್ಕಳನ್ನೇ ಕೇಳುತ್ತಿದ್ದರು. "ಇದು ಯಾವ ಬಣ್ಣ ಅಂತೀಯಪ್ಪ ನೀನು?" ಮಗು ಹಸಿರು ಎಂದರೆ ಹಸಿರು, ಕಂದು ಎಂದರೆ ಕಂದು. ಒಮ್ಮೆ ಬಂದ ಇನ್‌ಸ್ಪೆಕ್ಟರ್ ಇದನ್ನು ನೋಡಿ, 'ಮಕ್ಕಳ ಬಾಯಿಂದಲೇ ಉತ್ತರ ಹೊರಡಿಸುವ ಅಪರೂಪದ ಶಿಕ್ಷಕರು' ಎಂದು ಪುಸ್ತಕದಲ್ಲಿ ಬರೆದು ಹೋದ. ಆ ಹೊಗಳಿಕೆ ಓದಿದ ದಿನ ಮೇಷ್ಟ್ರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಗುಟ್ಟು ಗೊತ್ತಿದ್ದವಳು ಹೆಂಡತಿ ಒಬ್ಬಳೇ. ಮದುವೆಯಾದ ಎರಡನೇ ವಾರ, ಒಂದು ಕಾಲಿಗೆ ಹಸಿರು, ಇನ್ನೊಂದಕ್ಕೆ ಕಂದು ಕಾಲುಚೀಲ ಹಾಕಿಕೊಂಡು ಹೊರಟವರನ್ನು ಬಾಗಿಲಲ್ಲಿ ತಡೆದು, "ರೀ, ಇದು ಹೊಸ ಫ್ಯಾಷನ್ನಾ?" ಎಂದಿದ್ದಳು. ಅಂದಿನಿಂದ ಅವರ ಬಟ್ಟೆ ಜೋಡಿಸುವುದು ಅವಳ ಪಾಲು. ಮಗಳಿಗೂ ಹೇಳಿರಲಿಲ್ಲ. ಮಗಳು ನರ್ಸು, ಎರಡು ಬೀದಿ ಆಚೆ ಮನೆ. ಅವಳ ಮಗ, ಮನೆಯಲ್ಲಿ ಪುಟ್ಟ, ಅಜ್ಜನ ಶಾಲೆಯಲ್ಲೇ ಮೂರನೇ ಕ್ಲಾಸು. ಶಾಲೆಯ ಗೇಟಿನೊಳಗೆ ಅಜ್ಜನನ್ನು 'ಸರ್' ಎನ್ನಬೇಕು, ಗೇಟಿನಾಚೆ 'ಅಜ್ಜ' ಎನ್ನಬೇಕು ಎಂದು ಇಬ್ಬರಲ್ಲೂ ಒಪ್ಪಂದವಾಗಿತ್ತು. ಸಂಜೆ ಗೇಟು ದಾಟಿದ ಕೂಡಲೇ ಪುಟ್ಟ ಅಜ್ಜನ ಕಿರುಬೆರಳು ಹಿಡಿಯುತ್ತಿದ್ದ.

ನಿವೃತ್ತಿಗೆ ಮೂರು ವರ್ಷ ಉಳಿದಿರುವಾಗ ಹೊಸ ಹೆಡ್ ಮೇಡಂ ಬಂದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಮೇಷ್ಟ್ರು ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಸೋಮವಾರದ ಮೀಟಿಂಗಿನಲ್ಲಿ ಅವರು ಕ್ರೇಯಾನ್ ಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದು ತಮ್ಮ ಕೆನ್ನೆಗೆ ಹಿಡಿದರು.

"ಇದರ ಮೇಲೆ ಮೈಬಣ್ಣ ಅಂತ ಬರೆದಿದೆ. ಯಾರ ಮೈ? ನನ್ನದಂತೂ ಅಲ್ಲ. ನಿಮ್ಮಲ್ಲಿ ಯಾರದಾದ್ರೂ ಹೌದಾ?"

ಎಲ್ಲರೂ ನಕ್ಕು ಅಲ್ಲ ಎಂದರು. ಒಂದು ಕ್ಷಣ ತಡವಾಗಿ ಮೇಷ್ಟ್ರೂ ಅಲ್ಲ ಎಂದರು.

"ಮೂರನೇ ಕ್ಲಾಸಿನ ಮಕ್ಕಳು 'ನಾನು' ಅಂತ ಚಿತ್ರ ಮಾಡಲಿ. ತಮ್ಮ ಬಣ್ಣ ತಾವೇ ಕಲಸಲಿ, ಅದಕ್ಕೆ ತಾವೇ ಹೆಸರಿಡಲಿ. ಎಲ್ಲ ಚೀಟೀನೂ ಕಿತ್ತುಹಾಕಿಸ್ತೀನಿ ಮೇಷ್ಟ್ರೇ. ಮಕ್ಕಳು ಹೆಸರು ನೋಡಬಾರದು, ಬಣ್ಣ ನೋಡಬೇಕು."

ಎಷ್ಟು ಸರಿಯಾದ ಮಾತು! ಮೇಷ್ಟ್ರೂ ತಲೆ ಆಡಿಸಿದರು. ಮಧ್ಯಾಹ್ನ ವರಾಂಡದಲ್ಲಿ ಆಯಾ ಬಕೆಟ್ಟಿನ ನೀರಿಗೆ ಬಾಟಲಿಗಳನ್ನು ಅದ್ದಿ ಉಗುರಿನಿಂದ ಚೀಟಿ ಕೆರೆಯುತ್ತಿದ್ದಳು. ಒದ್ದೆ ಚೀಟಿಗಳು ನೆಲದ ಮೇಲೆ ಬಿದ್ದಿದ್ದವು. ಮೂವತ್ತೊಂದು ವರ್ಷ ತನ್ನ ಮಾನ ಕಾಯ್ದವು ಇವೇ ತಾನೇ ಎಂದು ಮೇಷ್ಟ್ರು ನಿಂತು ನೋಡಿದರು. ಆಯಾ ತಲೆ ಎತ್ತಿ, "ಏನಾದ್ರೂ ಬೇಕಿತ್ತಾ ಮೇಷ್ಟ್ರೇ?" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, ಏನೂ ಇಲ್ಲ ಎಂದು ಸರಸರ ನಡೆದರು.

ಹೆಂಡತಿ ಉಪಾಯ ಹೇಳಿದಳು. "ನೀವು ಬೆಳಿಗ್ಗೆ ಬೇಗ ಹೋಗಿ, ಆಯಾನ ಹತ್ರ ಯಾವುದು ಯಾವುದಮ್ಮ ಅಂತ ಕೇಳಿ. ನಿಮಗೆ ಮಾತಾಡಿಸೋದು ಗೊತ್ತಲ್ಲ. ಆಮೇಲೆ ಬಾಟಲಿ ತಳಕ್ಕೆ ಗೀರು ಹಾಕಿ. ಕೆಂಪಿಗೆ ಒಂದು, ಹಸಿರಿಗೆ ಎರಡು, ಕಂದಿಗೆ ಮೂರು."

ಹಾಗೇ ಮಾಡಿದರು. ಮೊಳೆಯಿಂದ ಬಾಟಲಿಯ ತಳ ಕೆರೆಯುವಾಗ ಹೊರಗೆ ಹೆಜ್ಜೆ ಸಪ್ಪಳ ಕೇಳಿದರೆ ಮೊಳೆಯನ್ನು ಜೇಬಿಗಿಳಿಸುತ್ತಿದ್ದರು. ಗೀರೇನೋ ಬಿತ್ತು. ಆದರೆ ತಟ್ಟೆಯಲ್ಲಿ ಕಲಸಿದ ಬಣ್ಣಕ್ಕೆ ಗೀರು ಹಾಕುವುದು ಹೇಗೆ?

ಮಂಗಳವಾರ ಇಪ್ಪತ್ತೆಂಟು ಮಕ್ಕಳು ಇಪ್ಪತ್ತೆಂಟು ತಟ್ಟೆಗಳಲ್ಲಿ ತಮ್ಮನ್ನು ತಾವೇ ಕಲಸಿಕೊಂಡರು. ಅಂಗೈ ಹಿಂಭಾಗವನ್ನು ತಟ್ಟೆಯ ಪಕ್ಕ ಇಟ್ಟು ನೋಡುವುದು, ತುಸು ಬಿಳಿ, ತುಸು ಹಳದಿ ಸೇರಿಸುವುದು, ಮತ್ತೆ ನೋಡುವುದು. ಮೇಷ್ಟ್ರು ಬೆಂಚಿನಿಂದ ಬೆಂಚಿಗೆ ಹೋಗಿ ತಮ್ಮ ಹಳೇ ಅಸ್ತ್ರ ಬಿಟ್ಟರು. "ಏನು ಹೆಸರಿಡ್ತೀಯಮ್ಮ ಇದಕ್ಕೆ?" ಒಬ್ಬಳು ಹಾಲು ಜಾಸ್ತಿಯಾದ ಟೀ ಎಂದಳು. ಇನ್ನೊಬ್ಬ ಒದ್ದೆ ಇಟ್ಟಿಗೆ ಎಂದ. ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಬಹಳ ಯೋಚಿಸಿ, "ನಮ್ಮಮ್ಮನ ಚಪ್ಪಲಿ ಸರ್" ಎಂದಳು. ಮೇಷ್ಟ್ರು ಎಲ್ಲಕ್ಕೂ ಭೇಷ್ ಎನ್ನುತ್ತ ನಡೆದರು. ಯಾವ ತಟ್ಟೆಯೂ ಯಾವ ಕೈಗೂ ಅವರ ಕಣ್ಣಿಗೆ ಪೂರ್ತಿ ಹೊಂದಿದಂತೆ ಕಾಣಲಿಲ್ಲ.

ಪುಟ್ಟನ ಬೆಂಚಿಗೆ ಬಂದರು. ಪುಟ್ಟ ಮಾತಿಲ್ಲದೆ ಕೈಯನ್ನು ತಟ್ಟೆಯ ಪಕ್ಕ ಇಟ್ಟ. ಕೈ ಎಲ್ಲಿ ಮುಗಿಯಿತು, ಬಣ್ಣ ಎಲ್ಲಿ ಶುರುವಾಯಿತು ಎಂದೇ ತಿಳಿಯದಷ್ಟು ಸರಿಯಾಗಿತ್ತು.

"ಬೆಂಚು ಅಂತ ಹೆಸರು ಸರ್," ಎಂದ ಪುಟ್ಟ. "ಬೆಂಚಿನ ತರಾನೇ ಇದೆ ನೋಡಿ."

ಬೆಂಚೂ ಹಾಗೇ ಇತ್ತು. ಮೇಷ್ಟ್ರಿಗೆ ಎಷ್ಟು ಖುಷಿಯಾಯಿತೆಂದರೆ, ಮೂವತ್ತೊಂದು ವರ್ಷಗಳಲ್ಲಿ ಮೊದಲ ಸಲ ಕೇಳುವುದನ್ನು ಮರೆತು ಹೇಳಿಬಿಟ್ಟರು. "ನೋಡ್ರೋ ಎಲ್ಲರೂ. ಇಡೀ ಕ್ಲಾಸಲ್ಲಿ ಸರಿಯಾಗಿ ಬಂದಿರೋದು ಇದೊಂದೇ." ತಟ್ಟೆಯನ್ನು ಎತ್ತಿ ಹಿಡಿದು ತೋರಿಸಿಯೂ ಬಿಟ್ಟರು.

ಮಕ್ಕಳು ತಟ್ಟೆ ನೋಡಿದರು, ಪುಟ್ಟನ ಕೈ ನೋಡಿದರು. ಆಮೇಲೆ ಎರಡು ಜಡೆಯ ಹುಡುಗಿ ಮೆಲ್ಲಗೆ, "ಸರ್, ಅದು ಹಸಿರು," ಎಂದಳು.

ಇಪ್ಪತ್ತೇಳು ಜೊತೆ ಕಣ್ಣುಗಳು ಮೇಷ್ಟ್ರ ಮೇಲಿದ್ದವು. ಕೆಲಸ, ಪಿಂಚಣಿ, ಹೆಡ್ ಮೇಡಂ, ಗೇಟಿನ ಬಳಿ ನಿಂತು ಕುರುಡನಿಗೆ ಡ್ರಾಯಿಂಗ್ ಕ್ಲಾಸಂತೆ ಎಂದು ನಗುವ ಅಪ್ಪ ಅಮ್ಮಂದಿರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅವರು ನಕ್ಕರು. "ಗೊತ್ತಮ್ಮ. ತಮಾಷೆ ಮಾಡಿದೆ. ಹಸಿರು ಮನುಷ್ಯ ಎಲ್ಲಾದ್ರೂ ಇರ್ತಾನಾ?"

ಈಗ ಇಡೀ ಕ್ಲಾಸು ನಕ್ಕಿತು. ಹಿಂದಿನಿಂದ ಯಾರೋ 'ಕಪ್ಪೆ' ಎಂದರು. ಪುಟ್ಟ ನಗಲಿಲ್ಲ, ಅಳಲೂ ಇಲ್ಲ. ತನ್ನ ಕೈ ನೋಡಿದ, ತಟ್ಟೆ ನೋಡಿದ, ಬೆಂಚು ನೋಡಿದ, ಮತ್ತೆ ಕೈ ನೋಡಿದ. ಆ ನೋಟ ಮೇಷ್ಟ್ರಿಗೆ ಗೊತ್ತಿತ್ತು. ಒಂಬತ್ತನೇ ವಯಸ್ಸಿನಲ್ಲಿ ಏಟು ತಿಂದು, ತಮ್ಮ ಮರದ ಎಲೆಗಳನ್ನು ತಾವೇ ಹಾಗೆ ನೋಡಿದ್ದರು. ಮಾವನ ಕಣ್ಣು ಎಲ್ಲಿಗೆ ಬಂದು ಕೂತಿದೆ ಎಂದು ಆಗ ತಿಳಿಯಿತು.

ಸಂಜೆ ಗೇಟು ದಾಟಿದರೂ ಪುಟ್ಟ ಕಿರುಬೆರಳು ಹಿಡಿಯಲಿಲ್ಲ. ನಾಲ್ಕು ಹೆಜ್ಜೆ ಮುಂದೆ, ತಲೆ ತಗ್ಗಿಸಿ ನಡೆದ. ಮನೆಗೆ ಬಂದವನು ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಅಡುಗೆಮನೆಯಲ್ಲಿ ಅಜ್ಜಿಯ ಮುಂದಿಟ್ಟ. ಇದು ಯಾವ ಬಣ್ಣ? ಇದು? ಇವೆರಡೂ ಒಂದೇ ತಾನೇ? ಸಾಬೂನಿನ ಪೆಟ್ಟಿಗೆ, ಬಟ್ಟೆಯ ಕ್ಲಿಪ್ಪು, ಒಂದು ಬಾಡಿದ ಎಲೆ, ಒಂದು ಹಸಿ ಎಲೆ. ಅಜ್ಜಿ ಒಂದೊಂದಕ್ಕೂ ಉತ್ತರ ಹೇಳುತ್ತ ಹೋದಳು. ಅವಳ ದನಿ ನಿಧಾನವಾಗುತ್ತ ಬಂತು. ಕೊನೆಗೆ ಹುಡುಗ ಕೇಳಿದ: "ಅಜ್ಜಿ, ನಾನು ದಡ್ಡನಾ?"

ಮೇಷ್ಟ್ರು ಇದನ್ನೆಲ್ಲ ಪಕ್ಕದ ಕೋಣೆಯಲ್ಲಿ ಗೋಡೆಗೆ ಒರಗಿ ಕೇಳಿದರು. ಎದ್ದು ಹೋಗಲಿಲ್ಲ. ಪುಟ್ಟನನ್ನು ಮಗಳು ಕರೆದುಕೊಂಡು ಹೋದ ಮೇಲೆ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಬೈಯಲಿಲ್ಲ.

"ನಿಮ್ಮ ಸೋದರಮಾವ ನಿಮಗೆ ಹೇಳಿದ್ದನ್ನೇ ಇವನಿಗೂ ಹೇಳ್ತೀರಾ?"

"ಮೂರೇ ವರ್ಷ ಕಣೇ," ಎಂದರು ಮೇಷ್ಟ್ರು. "ಬಣ್ಣ ಬಯಲಾದ್ರೆ ಮನೆಗೆ ಕಳಿಸ್ತಾರೆ."

"ಕಳಿಸಲಿ ಅಂತ ನಾನು ಹೇಳ್ತಿಲ್ಲ. ನನಗೂ ಭಯಾನೇ. ಆದ್ರೆ ಅವನಿಗೆ ಎಂಟು ವರ್ಷ. ನೀವು ಹೆದರಿದಷ್ಟು ವರ್ಷ ಅವನೂ ಹೆದರಬೇಕಾ?"

ಬುಧವಾರ ಶಾಲೆಯಲ್ಲಿ ಕಪ್ಪು ಹಲಗೆಯ ಮೇಲೆ ಯಾರೋ ದೊಡ್ಡ ಕಪ್ಪೆ ಬರೆದಿದ್ದರು. ರೇಖೆ ಚೆನ್ನಾಗಿಯೇ ಇತ್ತು, ಮೇಷ್ಟ್ರೇ ಕಲಿಸಿದ್ದು. ಅದನ್ನು ಅವರೇ ಒರೆಸಿದರು. ಪುಟ್ಟ, ಆ ಬಣ್ಣದಲ್ಲೇ ತನ್ನ ಮುಖ ಬಳಿದಿದ್ದ ಹಾಳೆಯಲ್ಲಿ, 'ಬೆಂಚು' ಎಂದು ಬರೆದಿದ್ದ ಕಡೆ ಪೆನ್ಸಿಲ್ಲಿನಿಂದ ಗೀಚಿ ಗೀಚಿ ತೂತು ಮಾಡಿದ್ದ.

ಗುರುವಾರ ಚಿತ್ರಗಳನ್ನು ವರಾಂಡದ ಗೋಡೆಗೆ ಏರಿಸುವ ದಿನ. ಹೆಡ್ ಮೇಡಂ ನೋಡಲು ಬಂದು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಇವತ್ತು ಬೇಡ ಎಂದು ಮೇಷ್ಟ್ರ ಮೈಯೆಲ್ಲ ಹೇಳಿತು. ನಾಳೆ ಮಾಡಿದರಾಯಿತು, ಮೇಡಂ ಇಲ್ಲದಾಗ. ಪುಟ್ಟ ಕೊನೆಯ ಬೆಂಚಿನಲ್ಲಿ ಎರಡೂ ಕೈಗಳನ್ನು ಡೆಸ್ಕಿನ ಕೆಳಗೆ ಬಚ್ಚಿಟ್ಟುಕೊಂಡು ಕೂತಿದ್ದ. ಅದನ್ನು ನೋಡಿ ಮೇಷ್ಟ್ರು ಒಂದು ಖಾಲಿ ತಟ್ಟೆ ತೆಗೆದುಕೊಂಡರು.

"ನಾನೂ ನನ್ನ ಮುಖ ಮಾಡ್ತೀನಿ," ಎಂದರು. ದನಿ ತೆಳ್ಳಗೆ ಹೊರಟಿತು.

ಬಾಟಲಿಗಳ ತಳ ನೋಡಲಿಲ್ಲ. ಕಣ್ಣಿಗೆ ಕಂಡಂತೆ ಸುರಿದು, ಕಣ್ಣಿಗೆ ಕಂಡಂತೆ ಕಲಸಿದರು. ಕೈ ಪಕ್ಕ ಇಟ್ಟು ನೋಡಿದರು. ಮಕ್ಕಳಲ್ಲಿ ಗುಸುಗುಸು ಎದ್ದಿತು. ಒಬ್ಬ ಕಿಸಕ್ಕನೆ ನಕ್ಕ. ಮೇಷ್ಟ್ರು ತಟ್ಟೆ ಹಿಡಿದು ನೇರ ಕೊನೆಯ ಬೆಂಚಿಗೆ ಹೋದರು.

"ಪುಟ್ಟ, ಸರಿಯಾಗಿದೆಯೇನೋ?"

ಹುಡುಗ ತಟ್ಟೆ ನೋಡಿದ. ಅಜ್ಜನ ಮುಖ ನೋಡಿದ, ಇದೂ ತಮಾಷೆಯೇ ಎಂದು.

"ತಮಾಷೆ ಅಲ್ಲ. ಮೊನ್ನೇದೂ ತಮಾಷೆ ಅಲ್ಲ. ನಾನು ಸುಳ್ಳು ಹೇಳಿದೆ. ನನಗೂ ಹೀಗೇ ಕಾಣೋದು, ಹುಟ್ಟಿದಾಗಿನಿಂದ. ಹೆದರಿಕೆಗೆ ಯಾರಿಗೂ ಹೇಳಿರಲಿಲ್ಲ."

ಮೇಷ್ಟ್ರಿಗೆ ಬಾಗಿಲ ಕಡೆ ತಿರುಗಿ ನೋಡುವ ಧೈರ್ಯವಿರಲಿಲ್ಲ. ಪುಟ್ಟ ಡೆಸ್ಕಿನ ಕೆಳಗಿನಿಂದ ಒಂದು ಕೈ ತೆಗೆದು ಅಜ್ಜನ ಕೈಯನ್ನು ತಟ್ಟೆಯ ಹತ್ತಿರ ಎಳೆದುಕೊಂಡ. ಬಹಳ ಹೊತ್ತು ನೋಡಿದ.

"ಇನ್ನೂ ಸ್ವಲ್ಪ ಬಿಳಿ ಬೇಕು ಅಜ್ಜ," ಎಂದ. "ನಿಮ್ಮ ಕೈ ಹಳೇದು."

ಗೇಟಿನೊಳಗೇ ಅಜ್ಜ ಎಂದಿದ್ದ. ಮೇಷ್ಟ್ರು ತಿದ್ದಲಿಲ್ಲ. ಪುಟ್ಟನೇ ಬಿಳಿ ತಂದು ಹಾಕಿ ಕಲಸಿದ, ಇಬ್ಬರೂ ಬಗ್ಗಿ ನೋಡಿದರು. ಈಗ ಸರಿಯಾಗಿತ್ತು. ಆ ಬಣ್ಣದಲ್ಲಿ ಮೇಷ್ಟ್ರು ತಮ್ಮ ಮುಖ ಬರೆದರು. ರೇಖೆಗಳು ಎಂದಿನಂತೆ ಜೀವಂತವಾಗಿದ್ದವು, ಅಗಲ ಹಣೆ, ಹೆದರಿದ ಕಣ್ಣು, ಮುಖವೆಲ್ಲ ಪಾಚಿ ಹಸಿರು. ಕೆಳಗೆ 'ಬೆಂಚು, ಎರಡನೆಯದು' ಎಂದು ಬರೆದರು. ಪುಟ್ಟ ತನ್ನ ಹಾಳೆಯ ತೂತಿಗೆ ಹಿಂದಿನಿಂದ ಕಾಗದ ಅಂಟಿಸಿ, ಅದರ ಮೇಲೆ ಮತ್ತೆ 'ಬೆಂಚು' ಎಂದು ಬರೆದ. ಎರಡು ಜಡೆಯ ಹುಡುಗಿ ತನ್ನ ಅಂಟಿನ ಡಬ್ಬಿ ಕೊಟ್ಟಿದ್ದಳು.

ಹೆಡ್ ಮೇಡಂ ಎದ್ದು ಬಂದು ಎರಡು ಹಸಿರು ಮುಖಗಳ ಮುಂದೆ ನಿಂತರು. ಅವರ ಮುಖದಲ್ಲಿ ಏನಿತ್ತೆಂದು ಮೇಷ್ಟ್ರಿಗೆ ತಿಳಿಯಲಿಲ್ಲ. "ಎರಡನ್ನೂ ಅಕ್ಕಪಕ್ಕ ಹಾಕಿ," ಎಂದರು. ಆಮೇಲೆ ದನಿ ತಗ್ಗಿಸಿ, "ನಾಳೆ ಬೆಳಿಗ್ಗೆ ನನ್ನ ರೂಮಿಗೆ ಬನ್ನಿ ಮೇಷ್ಟ್ರೇ," ಎಂದು ಹೊರಟುಹೋದರು.

ಸಂಜೆ ಗೇಟು ದಾಟುವ ಮೊದಲೇ ಪುಟ್ಟ ಕಿರುಬೆರಳು ಹಿಡಿದ. ನಾಳೆ ಬೆಳಿಗ್ಗೆ ಮೇಡಂ ರೂಮಿನಲ್ಲಿ ಏನು ಹೇಳಬೇಕೆಂದು ಮೇಷ್ಟ್ರು ಯೋಚಿಸುತ್ತ ನಡೆದರು. ದೊಡ್ಡ ರಸ್ತೆಯ ಸಿಗ್ನಲ್ಲಿನ ಬಳಿ ಹುಡುಗ ನಿಂತು ತಲೆ ಎತ್ತಿದ.

"ಅಜ್ಜ, ಯಾವುದು ಕೆಂಪು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ಮೇಲಿನ ದೀಪ ಹತ್ತಿದ್ರೆ ಬಂಡಿಗಳು ನಿಲ್ಲುತ್ತವೆ, ನಾವು ಹೋಗಬೇಕು. ಕೆಳಗಿಂದು ಹತ್ತಿದ್ರೆ ನಾವು ನಿಲ್ಲಬೇಕು. ಅನುಮಾನ ಬಂದ್ರೆ ಪಕ್ಕದಲ್ಲಿ ಇರೋರನ್ನ ಕೇಳು."

"ಕೇಳಿದ್ರೆ ನಗ್ತಾರಲ್ಲ?"

"ನಗ್ತಾರೆ. ಆದ್ರೂ ಕೇಳು."

ಪುಟ್ಟ ದೀಪಗಳನ್ನೇ ನೋಡುತ್ತ ನಿಂತ. ಪಕ್ಕದಲ್ಲಿ ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳಿದ್ದಳು. ಮೇಲಿನ ದೀಪ ಹತ್ತಿತು. ಹುಡುಗ ಅವಳ ಕಡೆ ತಿರುಗಿ, "ಆಂಟಿ, ಈಗ ಕೆಂಪಾ?" ಎಂದು ಕೇಳಿದ. ಅವಳು ಹೌದು ಮರಿ ಎಂದಳು. ಮೂವರೂ ರಸ್ತೆ ದಾಟಿದರು.