ಹತ್ತೊಂಬತ್ತು ದಿನ ‘ಬೇಡ’ ಎಂದವರು

ಬೆಳಗಿನ ಆರು ಗಂಟೆ. ವಾರ್ಡಿನ ದೀಪಗಳನ್ನು ಇನ್ನೂ ಆರಿಸಿಲ್ಲ. ಕೊನೆಯ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತ ಹುಡುಗಿ ಲೋಟದ ನೀರಿಗೆ ಬಿಳಿ ಪುಡಿ ಹಾಕಿ ಕಲಕುತ್ತಿದ್ದಾಳೆ. ನೀರು ಗಂಜಿಯಷ್ಟು ಮಂದವಾಗಬೇಕು. ತೆಳ್ಳಗಿದ್ದರೆ ಲಕ್ವ ಹೊಡೆದವರ ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಚಮಚ ಕುಡಿಸಿ, ನಾಲ್ಕು ಬೆರಳುಗಳನ್ನು ರೋಗಿಯ ಗದ್ದದ ಕೆಳಗಿನಿಂದ ಗಂಟಲವರೆಗೆ ಸಾಲಾಗಿ ಇಟ್ಟು ಕಾಯುತ್ತಾಳೆ. ಗಂಟಲ ಉಬ್ಬು ಮೇಲೆದ್ದು ಕೆಳಗಿಳಿಯುತ್ತದೆ.

“ನುಂಗಿದ್ರಿ. ಇನ್ನೊಂದು ಚಮಚ ಬೇಕಾ?”

“ಬೇಡ,” ಎನ್ನುತ್ತಾರೆ ರೋಗಿ. ಬಾಯಿ ತೆರೆಯುತ್ತಾರೆ.

ಹುಡುಗಿ ಎರಡನೆಯ ಚಮಚ ಕುಡಿಸುತ್ತಾಳೆ.

“ಮೊನ್ನೆವರೆಗೆ ಈ ಬೇಡ ಕೇಳಿದ ತಕ್ಷಣ ಲೋಟ ಕೆಳಗಿಡ್ತಿದ್ದೆ,” ಎಂದು ನನ್ನತ್ತ ತಿರುಗದೆಯೇ ಹೇಳುತ್ತಾಳೆ. “ಬಾಯಿ ತೆರೀತಿದ್ದಾರಾ ಅಂತ ನೋಡ್ತಾನೇ ಇರ್ಲಿಲ್ಲ.”

ಈಕೆ ಮಾತಿನ ಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವ ಕೊನೆಯ ವರ್ಷದ ವಿದ್ಯಾರ್ಥಿನಿ. ಇಪ್ಪತ್ಮೂರು ವರ್ಷ. ಮಂಚದಲ್ಲಿರುವವರು ಬೀಗ ರಿಪೇರಿ ಮಾಡುತ್ತಿದ್ದವರು, ಅರವತ್ತೊಂದು ವರ್ಷ. ಇವತ್ತು ಒಂಬತ್ತು ಗಂಟೆಗೆ ಅವರ ಹೆಂಡತಿ ಬರುತ್ತಾರೆ. ಹನ್ನೊಂದು ದಿನದಿಂದ ಬಂದಿಲ್ಲ. ಅವರು ಬರದಿರಲು ಕಾರಣ ತಾನೇ ಎಂದು ಹುಡುಗಿ ಇವತ್ತು ಅವರಿಗೆ ಹೇಳಬೇಕಾಗಿದೆ.

ವಿದ್ಯಾರ್ಥಿಗಳ ದಿನ ಹೇಗಿರುತ್ತದೆಂದು ಬರೆಯಲು ನಾನು ಇಲ್ಲಿಗೆ ಬಂದದ್ದು. ಸೋಮವಾರ ಬಂದೆ, ಇವತ್ತು ಬುಧವಾರ. ಟಿಪ್ಪಣಿ ಪುಸ್ತಕದ ಮೊದಲ ಪುಟಗಳಲ್ಲಿ ಬೇರೆಯದೇ ಲೇಖನವಿದೆ.

ಅದರಲ್ಲಿ ನಗು ಬರುವ ಸಂಗತಿಗಳೂ ಇವೆ. ಹಾಸ್ಟೆಲಿನಲ್ಲಿ ಈಕೆಯ ಅಡ್ಡಹೆಸರು ‘ಬಾಯಿಪಾಠ’. ಐದು ಗಂಟೆಗೇ ಎದ್ದು ಬಚ್ಚಲುಮನೆಯ ಕನ್ನಡಿಯೆದುರು ಪ ಪ ಪ, ಟ ಟ ಟ, ಕ ಕ ಕ ಎಂದು ತನ್ನ ನಾಲಿಗೆಯನ್ನು ತಾನೇ ನೋಡಿಕೊಳ್ಳುತ್ತಾಳೆ. “ಕೋಳಿ ಸಾಕೋದು ಬೇಡ ಕಣೇ, ನೀನೊಬ್ಬಳೇ ಸಾಕು,” ಎಂದು ರೂಮಿನವಳು ಹೊದಿಕೆಯೊಳಗಿಂದಲೇ ಬೈಯುತ್ತಾಳಂತೆ. ಈ ಓದಿಗೆ ಬಂದದ್ದು ಹೇಗೆ ಎಂದರೆ ಸುತ್ತಿ ಬಳಸಿ ಹೇಳುವುದಿಲ್ಲ. “ಲಿಸ್ಟಲ್ಲಿ ಇದೊಂದೇ ಸೀಟು ಉಳಿದಿತ್ತು.” ತಂದೆ ಬಸ್ ಕಂಡಕ್ಟರ್. “ನನ್ನ ಮೊದಲ ರೋಗಿ ಅಪ್ಪಾನೇ. ಕೂಗಿ ಕೂಗಿ ಗಂಟಲು ಕೆಟ್ಟಿತ್ತು. ಮೆಲ್ಲಗೆ ಮಾತಾಡು ಅಪ್ಪ ಅಂದೆ. ಮೆಲ್ಲಗೆ ಮಾತಾಡಿದ್ರೆ ಬಸ್ಸಿಂದ ಯಾರಮ್ಮ ಇಳೀತಾರೆ ಅಂದ್ರು.”

ದಿನಕ್ಕೆ ಆರು ರೋಗಿಗಳು. ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ. ಪದವಿ ಪರೀಕ್ಷೆಗೆ ಕೂರಬೇಕಾದರೆ ಹೀಗೆ ನಾನೂರು ಗಂಟೆ ದುಡಿದು, ಪ್ರತಿ ಗಂಟೆಗೂ ಮೇಲ್ವಿಚಾರಕಿಯ ಸಹಿ ಪಡೆದಿರಬೇಕು. ಊಟ ನಿಂತುಕೊಂಡೇ. ಮಕ್ಕಳ ಕೋಣೆಯಲ್ಲಿ ‘ರೈಲು’ ಎನ್ನಲಾರದೆ ‘ಲೈಲು’ ಎನ್ನುವ ಪುಟ್ಟಿಯೊಬ್ಬಳಿದ್ದಾಳೆ. “ಐದು ವಾರ ಆಯ್ತು, ರೈಲು ಇನ್ನೂ ಸ್ಟೇಷನ್ನಲ್ಲೇ ಇದೆ,” ಎನ್ನುತ್ತಾಳೆ ಈಕೆ.

ಕೊನೆಯ ಮಂಚದ ಬೀಗದವರು ಈಕೆಯ ಪಾಲಿಗೆ ಬಂದದ್ದು ಇಪ್ಪತ್ತೊಂದು ದಿನದ ಹಿಂದೆ. ಬಲಗೈ ಎತ್ತಲಾಗುತ್ತಿರಲಿಲ್ಲ. ಮಾತು ಹೋಗಿ ಒಂದೆರಡು ಶಬ್ದ ಉಳಿದಿದ್ದವು. ನೀರು ಬೇಕಾ ಎಂದರೆ ಬೇಡ. ಕೂರಿಸಬೇಕಾ ಎಂದರೆ ಬೇಡ. ಹಾಗೆಂದು ಮಂಚದ ಕಂಬಿಗೆ ಎಡಗೈಯಿಂದ ಬಡಿಯುತ್ತಿದ್ದರು. ಆಕೆಯ ಫೈಲು ನನ್ನ ಕೈಯಲ್ಲಿದೆ. ದುಂಡಗಿನ, ಅಚ್ಚುಕಟ್ಟಾದ ಅಕ್ಷರ. ನಾಲ್ಕನೆಯ ದಿನ: ‘ಬೇಡ ಎನ್ನುತ್ತಾರೆ. ಕೋಪ.’ ಏಳನೆಯ ದಿನ: ‘ಸಹಕಾರವಿಲ್ಲ.’ ಹದಿಮೂರನೆಯ ದಿನ: ‘ಬಾಯಿಯಿಂದ ಆಹಾರ ನಿರಾಕರಿಸುತ್ತಾರೆ. ಮೂಗಿನ ನಳಿಕೆ ಮುಂದುವರಿಯಲಿ.’

ಸೋಮವಾರ, ಹತ್ತೊಂಬತ್ತನೆಯ ದಿನ, ನಾನು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆ. ಅವರ ಕನ್ನಡಕವನ್ನು ಒರೆಸುತ್ತಾ ಹುಡುಗಿ “ಹಾಕ್ಲಾ, ಬೇಕಾ?” ಎಂದಳು. “ಬೇಡ.” ಆಕೆ ಅದನ್ನು ಕಪಾಟಿನ ಮೇಲಿಟ್ಟಳು. ಅವರ ಎಡಗೈ ಅತ್ತಲೇ ಚಾಚಿತು. “ಬೇಕಾ?” ಎಂದು ಮತ್ತೆ ಕೇಳಿದಳು. “ಬೇಡ, ಬೇಡ,” ಎನ್ನುತ್ತಲೇ ಅವರು ಕನ್ನಡಕವನ್ನು ಹಿಡಿದು ಎದೆಗೆ ಒತ್ತಿಕೊಂಡರು.

ಹುಡುಗಿ ಕನ್ನಡಕವನ್ನೂ ಅವರ ಮುಖವನ್ನೂ ನೋಡಿದಳು. ಆಮೇಲೆ ಬಗ್ಗಿ ತನ್ನ ಚಪ್ಪಲಿ ಕಳಚಿ ಅವರ ಮುಂದೆ ಹಿಡಿದಳು.

“ಇದು ತಿನ್ನೋಕೆ ಬೇಕಾ?”

“ಬೇಕು,” ಎಂದರು. ಮುಖ ಸಿಂಡರಿಸಿ ಚಪ್ಪಲಿಯನ್ನು ದೂರ ತಳ್ಳಿದರು. ತಾವು ಆಡಿದ್ದು ಕಿವಿಗೆ ಬಿದ್ದಿರಬೇಕು. ಅವರ ಭುಜ ಕುಲುಕತೊಡಗಿತು. ನಗುತ್ತಿದ್ದರು. ಹುಡುಗಿ ನಗಲಿಲ್ಲ. ಒಂದೇ ಚಪ್ಪಲಿಯಲ್ಲಿ ಹೊರಗೆ ನಡೆದು ಮೆಟ್ಟಿಲ ಮೇಲೆ ಕೂತಳು.

ಬೇಕು, ಬೇಡ ಎರಡೂ ‘ಬೇ’ಯಿಂದಲೇ ಹೊರಡುತ್ತವೆ. ಪೆಟ್ಟು ಬಿದ್ದ ಮಿದುಳು ಅಲ್ಲಿಯವರೆಗೆ ಸರಿಯಾಗಿ ಬಂದು ಪಕ್ಕದ ಬೀದಿಗೆ ತಿರುಗಿಬಿಡುತ್ತದೆ. ಹೌದು, ಅಲ್ಲ ಕೂಡ ಹೀಗೇ ಅದಲುಬದಲಾಗುತ್ತವೆ. ಇದು ಅಪರೂಪವೇನಲ್ಲ, ಪಠ್ಯದಲ್ಲೇ ಇದೆ. ಅದಕ್ಕೆಂದೇ ಮೊದಲ ದಿನ ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಕೇಳಿ ನೋಡಬೇಕು: ನೀವು ಹೆಂಗಸಾ, ನಿಮಗೆ ಎರಡು ವರ್ಷಾನಾ, ಕಲ್ಲು ತಿಂತೀರಾ. ಆ ಉತ್ತರಗಳನ್ನು ಬರೆದಿಡುವ ಹಾಳೆ ಫೈಲಿನಲ್ಲಿ ಖಾಲಿ ಇದೆ.

“ಯಾಕೆ ಕೇಳ್ಲಿಲ್ಲ?” ಎಂದು ಮೇಲ್ವಿಚಾರಕಿ ಮೇಡಂ ಅವತ್ತೇ ಕೇಳಿದರು. ದನಿ ಏರಿಸಲಿಲ್ಲ.

“ಮರೆತೆ ಮೇಡಂ,” ಎಂದವಳು ತಡೆದು, “ಇಲ್ಲ, ಮರೀಲಿಲ್ಲ. ನಮ್ಮಪ್ಪನಿಗಿಂತ ದೊಡ್ಡವರು. ಅಕ್ಕಪಕ್ಕದ ಮಂಚದವರೆಲ್ಲ ನೋಡ್ತಿದ್ರು. ಅಷ್ಟು ಜನರ ಎದುರಿಗೆ ನೀವು ಹೆಂಗಸಾ ಅಂತ ಹೇಗೆ ಕೇಳ್ಲಿ ಅನ್ನಿಸ್ತು. ಮರ್ಯಾದೆ ಕೊಟ್ಟೆ ಅಂದ್ಕೊಂಡೆ.”

“ಚೆನ್ನಾಗಿ ಕೊಟ್ಟೆ,” ಎಂದರು ಮೇಡಂ. ಬೀಗದವರ ಹೆಸರಿನಲ್ಲಿ ಬರೆದಿದ್ದ ಹದಿನಾಲ್ಕು ಗಂಟೆಗಳ ಮೇಲೆ ಕೆಂಪು ಗೆರೆ ಎಳೆದರು. ಈ ಶುಕ್ರವಾರ ಲೆಕ್ಕ ಒಪ್ಪಿಸಲು ಕೊನೆಯ ದಿನ. ಆ ಹೊತ್ತಿಗೆ ಎಷ್ಟು ದುಡಿದರೂ ನಾಲ್ಕೂವರೆ ಗಂಟೆ ಕಡಿಮೆ ಬೀಳುತ್ತದೆ. ಪರೀಕ್ಷೆ ಆರು ತಿಂಗಳು ಮುಂದಕ್ಕೆ ಹೋಯಿತು.

ಆದರೆ ಆಕೆಯನ್ನು ಮೆಟ್ಟಿಲ ಮೇಲೆ ಕೂರಿಸಿದ್ದು ಗಂಟೆಗಳ ಲೆಕ್ಕವಲ್ಲ. ಹತ್ತನೆಯ ದಿನ ಬೀಗದವರ ಹೆಂಡತಿ ಗಂಡನನ್ನು “ನಾನು ದಿನಾ ಬರೋದು ಬೇಕಾ?” ಎಂದು ಕೇಳಿದ್ದರು. ಮೂರು ಸಲ ಕೇಳಿದ್ದರು. ಮೂರು ಸಲವೂ ಗಂಡ ಬೇಡ ಎಂದು, ಕಂಬಿಗೆ ಬಡಿದಿದ್ದರು. ಆಮೇಲೆ ಹೆಂಡತಿ ಹುಡುಗಿಯನ್ನು ಹೊರಗೆ ಕರೆದು, ಇವರಿಗೆ ಅರ್ಥ ಆಗಿಯೇ ಹೇಳುತ್ತಿದ್ದಾರಾ ಎಂದು ವಿಚಾರಿಸಿದ್ದರು. “ಅರ್ಥ ಆಗತ್ತೆ ಅಮ್ಮ,” ಎಂದಿದ್ದಳು ಈಕೆ. “ಅವರಿಗೇ ಬೇಡ ಅನ್ಸಿದೆ. ಸ್ವಲ್ಪ ದಿನ ಒಬ್ಬರನ್ನೇ ಬಿಡಿ.” ಮರುದಿನದಿಂದ ತಾವು ಬರದೆ, ಒಗೆದ ಬಟ್ಟೆಯನ್ನು ಮಗಳ ಕೈಯಲ್ಲಿ ಕಳಿಸತೊಡಗಿದರು.

ಒಂಬತ್ತಕ್ಕೆ ಹತ್ತು ನಿಮಿಷವಿದೆ. ಹೆಂಡತಿ ಬರುತ್ತಾರೆ. ಇಸ್ತ್ರಿ ಅಂಗಡಿಯಲ್ಲಿ ಕೆಲಸ, ಮುಂಗೈ ತುಂಬ ಹಳೆಯ ಸುಟ್ಟ ಕಲೆಗಳು. ವಾರ್ಡಿನ ಹೊರಗಿನ ಬೆಂಚಿನಲ್ಲಿ, ಎದ್ದು ಹೋಗಲು ತಯಾರಿದ್ದವರಂತೆ ತುದಿಯಲ್ಲಿ ಕೂರುತ್ತಾರೆ. ನಾನು ಅಲ್ಲಿಂದ ಏಳಲು ನೋಡುತ್ತೇನೆ. ಇರಿ ಎಂದು ಹುಡುಗಿ ಸನ್ನೆ ಮಾಡುತ್ತಾಳೆ.

ಎಲ್ಲವನ್ನೂ ಹೇಳುತ್ತಾಳೆ. ಖಾಲಿ ಹಾಳೆಯನ್ನೂ ತೋರಿಸುತ್ತಾಳೆ. ನಿನ್ನೆ ಇಪ್ಪತ್ತು ಪ್ರಶ್ನೆ ಕೇಳಿದೆ, ಹದಿನೇಳಕ್ಕೆ ತಿರುಗುಮುರುಗು ಬಂತು ಎನ್ನುತ್ತಾಳೆ.

ಹೆಂಡತಿ ಖಾಲಿ ಹಾಳೆಯನ್ನು ತಿರುಗಿಸಿ ನೋಡುತ್ತಾರೆ.

“ಹಾಗಾದ್ರೆ ಆ ಮೂರು ಸಲ... ಬಾ ಅಂದಿದ್ದಾ?”

“ಗೊತ್ತಿಲ್ಲ ಅಮ್ಮ. ಮೊದಲೇ ಪರೀಕ್ಷೆ ಮಾಡಿದ್ದಿದ್ರೆ ಗೊತ್ತಾಗ್ತಿತ್ತು. ಈಗ ಹೌದು ಅಂತ ಹೇಳಿದ್ರೆ ಅದೂ ಸುಳ್ಳಾಗತ್ತೆ.”

“ಮೂವತ್ತೆಂಟು ವರ್ಷ ಸಂಸಾರ ಮಾಡಿದ್ದೀನಿ. ನನಗಾದ್ರೂ ತಿಳೀಬೇಕಿತ್ತು. ನಿನ್ನ ಬಿಳಿ ಕೋಟು ನೋಡಿ ನಂಬಿದೆ.” ತಡೆದು ಕೇಳುತ್ತಾರೆ, “ನಿನಗೆ ಮದುವೆ ಆಗಿದ್ಯೇನಮ್ಮ?”

“ಇಲ್ಲ.”

“ಹನ್ನೊಂದು ದಿನ ಅಂದ್ರೆ ಎಷ್ಟು ಅಂತ ನಿನಗೆ ಗೊತ್ತಾಗಲ್ಲ ಬಿಡು.”

ಕಾರಿಡಾರಿನಲ್ಲಿ ಯಾರೋ ಬಕೆಟ್ ಎಳೆದುಕೊಂಡು ಹೋಗುತ್ತಾರೆ. ನಾನು ಬರೆಯುವುದನ್ನು ನಿಲ್ಲಿಸಿದ್ದೇನೆ.

“ತಪ್ಪು ನನ್ನದು. ಬೇರೆಯವರು ಬೇಕು ಅಂದ್ರೆ ಮೇಡಂಗೆ ಹೇಳ್ತೀನಿ,” ಎನ್ನುತ್ತಾಳೆ ಹುಡುಗಿ. ಹೆಂಡತಿ ಚೀಲ ಎತ್ತಿಕೊಂಡು ಏಳುತ್ತಾರೆ. ಬಾಗಿಲ ಬಳಿ ಹುಡುಗಿ ಇಷ್ಟು ಮಾತ್ರ ಸೇರಿಸುತ್ತಾಳೆ: “ಬಾಯಿ ಕೇಳ್ಬೇಡಿ ಅಮ್ಮ. ಕೈ ನೋಡಿ.”

ಬೀಗದವರು ಹೆಂಡತಿಯನ್ನು ಕಂಡು ಗೋಡೆಯತ್ತ ಮುಖ ತಿರುಗಿಸುತ್ತಾರೆ. ಕತ್ತಿನ ನರ ಉಬ್ಬಿದೆ. ಹೆಂಡತಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನಲ್ಲಿ ಕೂರುತ್ತಾರೆ. ತಗ್ಗಿದ ದನಿಯಲ್ಲಿ ಕೇಳುತ್ತಾರೆ.

“ನಾನು ಇರೋದು ಬೇಕಾ?”

“ಬೇಡ.”

ಎಡಗೈ ಹೊದಿಕೆಯಿಂದ ಹೊರಬರುತ್ತದೆ. ಚೀಲದ ಹಿಡಿಯನ್ನು ತಡಕಿ ಹುಡುಕಿ, ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಳ್ಳುತ್ತದೆ. ಇನ್ನೊಂದು ಸುತ್ತು.

“ಬಿಡಿ ಮಾರಾಯ್ರೇ, ಚೀಲ ಹರಿಯತ್ತೆ,” ಎನ್ನುತ್ತಾರೆ ಹೆಂಡತಿ. ಬಿಡಿಸಿಕೊಳ್ಳುವುದಿಲ್ಲ.

ಮಧ್ಯಾಹ್ನ ಮೇಡಂ ಬಂದು, ಬೀಗದವರನ್ನು ಬೇರೆ ವಿದ್ಯಾರ್ಥಿಗೆ ಕೊಡಲೇ ಎಂದು ಹೆಂಡತಿಯನ್ನೇ ಕೇಳುತ್ತಾರೆ. ಅವರು ಹುಡುಗಿಯನ್ನು ಮೇಲಿಂದ ಕೆಳಗೆ ನೋಡುತ್ತಾರೆ. “ಹೊಸಬರು ಬಂದು ಹೊಸ ತಪ್ಪು ಮಾಡೋದಕ್ಕಿಂತ ಇವಳೇ ಇರ್ಲಿ. ಇವಳು ಇನ್ನು ಹೆದರಿಕೊಂಡು ಕೆಲಸ ಮಾಡ್ತಾಳೆ.” ಇದು ಕ್ಷಮೆಯಲ್ಲ. ಹುಡುಗಿಯೂ ಹಾಗೆಂದುಕೊಂಡಿಲ್ಲ.

ಹೊರಡುವ ಮುನ್ನ, ಆರು ತಿಂಗಳು ಹೋಯಿತಲ್ಲ, ಮುಂದೇನು ಎಂದು ಕೇಳುತ್ತೇನೆ. ಆಕೆ ಫೈಲಿನಲ್ಲಿ ‘ಸಹಕಾರವಿಲ್ಲ’ ಎಂಬುದರ ಪಕ್ಕ ‘ನನ್ನ ತಪ್ಪು’ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡುತ್ತಿದ್ದಾಳೆ. ಅಂಥ ಹತ್ತೊಂಬತ್ತು ಸಾಲುಗಳಿವೆ.

“ಪರೀಕ್ಷೆ ಯಾವಾಗಾದ್ರೂ ಬರೀಬಹುದು,” ಎನ್ನುತ್ತಾಳೆ. “ಅವರು ನನ್ನನ್ನ ಬೈಬೇಕು. ಕಂಬಿಗೆ ಬಡಿದಲ್ಲ, ಬಾಯಿ ತುಂಬ, ಪೂರ್ತಿ ವಾಕ್ಯದಲ್ಲಿ. ಅಷ್ಟು ಮಾತು ಕಲಿಸಿಕೊಟ್ರೆ ಸಾಕು ನನಗೆ.”