ಹಂಪಕ್ಕ ನುಂಗಿಕೊಂಡ ಹೆಸರು

ಕಥೆಗಳಲ್ಲಿ ನರಿಗೆ ‘ಜಂಬುಕರಾಯ’ ಎನ್ನುತ್ತಾರಲ್ಲ, ಆ ಹೆಸರು ಎಲ್ಲಿಂದ ಬಂತೆಂದು ಕೇಳಿದರೆ ಓದಿದವರು ‘ಜಂಬುಕ’ ಸಂಸ್ಕೃತದ್ದು ಎಂದು ಹೇಳಿ ಸುಮ್ಮನಾಗುತ್ತಾರೆ. ಆದರೆ ಕೋಳಿ ಕದಿಯುವ ಪ್ರಾಣಿಗೆ ‘ರಾಯ’ ಪಟ್ಟ ಕಟ್ಟಿದವರು ಯಾರು? ನಮ್ಮ ಕೂಡ್ಲಿಗಿ ಕಡೆಯ ಹಂಪಕ್ಕ ಹುಟ್ಟಿದ್ದೂ ಸೇರಿದ್ದೂ ಕುರಿಗಾರರ ಮನೆಯಲ್ಲಿ. ಅವಳನ್ನು ಕೇಳಿದೆ.

“ಅಂಜಿಕಿ ಕಟ್ಟೈತಪ್ಪ. ಕುರಿ ಈಯೋ ಕಾಲದಾಗ ಅದರ ಖರೇ ಹೆಸರು ಹಿಡದ್ರ ಅದನ್ನ ಹಿಂಡಿಗೆ ಕರದಂಗ. ರಾಯ ಅಂದ್ರ ಉಬ್ಬಿ, ಮರಿ ಮುಟ್ಟದಂಗ ಹೋಗ್ತೈತಿ ಅಂತಿದ್ರು ಹಿರ್ಯಾರು.”

ನನಗಂತೂ ಈಗ ಆ ಹೆಸರು ಕೇಳಿದರೆ ಮೈ ಉರಿಯುತ್ತದೆ.

ಹೋದ ವರ್ಷ ಅವಳ ಗಂಡ ಬೊಮ್ಮಪ್ಪ ಇಟ್ಟಿಗಿ ಊರಿನ ಹೊಲವೊಂದರಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿ ನಿಲ್ಲಿಸಿದ್ದ. ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಎನ್ನುತ್ತಾರೆ. ಹಾಡಹಗಲೇ ಜೊಲ್ಲು ಸುರಿಸುತ್ತ, ನಾಯಿಗೂ ಹೆದರದೆ ಬಂದ ನರಿಯ ಮುಖ ನೋಡಿದರೆ ಎಂಥ ಅದೃಷ್ಟ? ಗಬ್ಬದ ಕುರಿಯೊಂದರ ಮೇಲೆ ಎರಗಲಿದ್ದ ಅದನ್ನು ಬೊಮ್ಮಪ್ಪ ಬಡಿದು ಓಡಿಸಿದ. ಅಷ್ಟರಲ್ಲಿ ಅದು ಅವನ ಮುಂಗೈ ಕಚ್ಚಿತ್ತು. ಹುಚ್ಚು ಹಿಡಿದ ನರಿ ಎಂದು ಹಂಪಕ್ಕನಿಗೆ ಗೊತ್ತಾಗಿ, ಹಠ ಮಾಡಿ ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು.

“ಏನು ಕಚ್ಚಿದ್ದು?” ಎಂದರು ಡಾಕ್ಟರು.

“ಜಾಲಿಮುಳ್ಳು ತರಚೈತ್ರಿ,” ಎಂದ ಬೊಮ್ಮಪ್ಪ.

ಹಂಪಕ್ಕ ಬಾಯಿ ತೆರೆದಳು. ಗಂಡ ಕಣ್ಣು ಕೆಕ್ಕರಿಸಿದ. ಹಿಂಡಿನ ಅರ್ಧ ಕುರಿಗಳು ಈಯುವುದಿತ್ತು. ಹೆಸರೆತ್ತಿದರೆ ಅದು ಮತ್ತೆ ಹಿಂಡಿಗೆ ಬಂದೀತೆಂದು ಅವಳಿಗೂ ಭಯ; ‘ರಾಯ’ ಎಂದರೆ ಡಾಕ್ಟರು ಯಾವ ರಾಯ ಎಂದು ಕೇಳಿ ಹೆಸರನ್ನೇ ಬಾಯಿ ಬಿಡಿಸುತ್ತಾರೆ. ಹೆಸರನ್ನು ನುಂಗಿಕೊಂಡಳು. ಧನುರ್ವಾಯುವಿನ ಸೂಜಿ ಚುಚ್ಚಿಸಿಕೊಂಡು ಇಬ್ಬರೂ ಹೊರಬಿದ್ದರು.

“ತಿರುಗಿ ಹೋಗಿ ಹೇಳೋಣ ಬರ್ರಿ. ನನ್ನ ಜೀವ ಹೊಡಕೊಳ್ಳಾಕತ್ತೈತಿ,” ಎಂದು ದಾರಿಯುದ್ದಕ್ಕೂ ಅತ್ತಳು.

“ಎಲ್ಲಾ ಕುರಿ ಈಯಲಿ ತಡಿ. ಡಾಕ್ಟ್ರು ಎಲ್ಲಿ ಓಡಿ ಹೋಗ್ತಾರ?”

ಕುರಿಗಳು ಒಂದೊಂದಾಗಿ ಚೆನ್ನಾಗಿಯೇ ಈಯತೊಡಗಿದವು. ಗಾಯವೂ ಮಾಯಿತು. “ರಾಯ ಮರ್ಯಾದಿ ಉಳಿಸ್ಯಾನ ನೋಡು,” ಎಂದು ಬೊಮ್ಮಪ್ಪ ಮೀಸೆ ತಿರುವಿದ. ಸೂಜಿಯ ಮಾತೆತ್ತಿದರೆ ಸಿಡುಕುತ್ತಿದ್ದ. ಹಂಪಕ್ಕ ಮಾತ್ರ ಅವನು ನೀರು ಕುಡಿಯುವುದನ್ನು ದಿನವೂ ಕದ್ದು ನೋಡುತ್ತಿದ್ದಳು. ನೀರು ಗಂಟಲಿಳಿದರೆ ಅವಳಿಗೆ ಆ ದಿನ ಕಳೆದಂತೆ.

ಒಂದು ಬೆಳಿಗ್ಗೆ ಚೊಂಬು ತುಟಿಗೆ ಹಚ್ಚಿದವನು ಕಿರುಚಿ ಅದನ್ನು ಬಿಸುಟ.

ಅದೇ ಆಸ್ಪತ್ರೆಯಲ್ಲಿ ಹಂಪಕ್ಕ ಅದೇ ಡಾಕ್ಟರ ಕಾಲು ಹಿಡಿದುಕೊಂಡಳು. “ನರಿ ರೀ! ಹುಚ್ಚ ನರಿ ಕಡದೈತ್ರಿ! ನರಿ!”

ಡಾಕ್ಟರು ಕುರ್ಚಿಯಲ್ಲಿ ಕುಸಿದರು. “ಅವತ್ತೇ ಹೇಳಿದ್ರೆ ಉಳಿಸಬಹುದಿತ್ತಲ್ಲಮ್ಮ. ಇನ್ನು ಯಾವ ಸೂಜಿಯೂ ಕೆಲಸ ಮಾಡೋದಿಲ್ಲ.”

ಕೆಟ್ಟ ಮೇಲೆ ಬುದ್ಧಿ ಬಂದು ಏನು ಮಾಡಬೇಕು? ಅವಳು ಎದೆ ಬಡಿದುಕೊಂಡು ಆ ಹೆಸರನ್ನೇ ಕೂಗುತ್ತಿದ್ದಳು. ಮಂಚದ ಮೇಲೆ ನಡುಗುತ್ತಿದ್ದ ಬೊಮ್ಮಪ್ಪ ಕೈ ಚಾಚಿ ಅವಳ ಬಾಯಿ ಮುಚ್ಚಿದ.

“ಸುಮ್ನಿರಲೇ,” ಎಂದ. “ಇನ್ನೂ ಒಂದು ಕುರಿ ಈಯೋದೈತಿ.”