ರೊಟ್ಟಿ ಯಂತ್ರದ ದೂರು

ರೊಟ್ಟಿ ಮಾಡುವ ಯಂತ್ರ ಮಾರುವುದೂ, ಕೆಟ್ಟರೆ ರಿಪೇರಿ ಮಾಡುವುದೂ ನನ್ನದೇ ಕೆಲಸ. ಕಡ್ಡಿರಾಂಪುರದ ಖಾನಾವಳಿಯೊಂದರಿಂದ ದೂರು ಬಂತು. ಹೋಗಿ ನೋಡಿದರೆ ಜೋಳದ ರೊಟ್ಟಿ ತೆಳ್ಳಗೆ, ದುಂಡಗೆ ಬೀಳುತ್ತಿದೆ.

"ಛಲೋನ ಐತಲ್ರಿ ಅಕ್ಕಾರ, ಮತ್ತೇನ್ ತೊಂದ್ರಿ?" ಎಂದೆ.

"ಸಪ್ಪಳನ ಇಲ್ರಿ," ಎಂದರು ಒಡತಿ. "ಮೊದ್ಲು ನಾ ರೊಟ್ಟಿ ಬಡಿಯೋ ಸಪ್ಪಳ ಕೇಳಿ ಬಸ್ಸಿಳಿದವ್ರು ಒಳಗ ಬರ್ತಿದ್ರು. ಈಗ ಒಲಿನ ಹಚ್ಚಿಲ್ಲ ಅನ್ಕೊಂಡು ಹಂಗ ಮುಂದ ಹೋಗ್ತಾರ. ಇದಕ್ಕ ಆ ಸಪ್ಪಳ ಕೂಡ್ಸಾಕ ಬರ್ತದೇನ್ರಿ?"

ಸದ್ದೇ ಮಾಡುವುದಿಲ್ಲ ಎಂದು ಹೊಗಳಿ ಮಾರಿದವನು ನಾನೇ. ಚೀಲದಲ್ಲಿ ಎಲ್ಲ ಅಳತೆಯ ಸ್ಪ್ಯಾನರ್ ಇದ್ದವು, ಈ ರಿಪೇರಿಗೆ ಆಗುವಂಥದ್ದು ಒಂದೂ ಇರಲಿಲ್ಲ.

ತಿಂಗಳ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಪಟಪಟ ಸದ್ದು ಕೇಳಿತು. ಹಸಿವಾಯಿತು, ಒಳಗೆ ಹೋದೆ. ಕುರ್ಚಿಗಳೆಲ್ಲ ತುಂಬಿದ್ದವು. ಯಂತ್ರ ತನ್ನ ಪಾಡಿಗೆ ರೊಟ್ಟಿ ಉದುರಿಸುತ್ತಿತ್ತು. ಪಕ್ಕದಲ್ಲಿ ಅಕ್ಕಾರು ಒಂದೇ ಹಿಟ್ಟಿನ ಉಂಡೆಯನ್ನು ಬಡಿದು ಅಗಲ ಮಾಡಿ, ಬೇಯಿಸದೆ ಮತ್ತೆ ಮುದ್ದೆ ಮಾಡಿ, ಮತ್ತೆ ಬಡಿಯುತ್ತಿದ್ದರು.

"ಕುಂದ್ರಿ, ಬಿಸಿ ರೊಟ್ಟಿ ಅದಾವ," ಎಂದರು ನಗುತ್ತ.

ಅಂದಹಾಗೆ, ಅವರು ಆ ಯಂತ್ರ ಕೊಂಡದ್ದು ಬಡಿದು ಬಡಿದು ಕೈ ನೋಯುತ್ತದೆ ಎಂದು.